ಪೋಲೆಂಡ್‌ಗೆ ದಕ್ಕಿದ್ದು ರಷ್ಯಾಕ್ಕೆ ಯಾಕೆ ದಕ್ಕಲಿಲ್ಲ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಅರ್ಥಶಾಸ್ತ್ರದ ಎಂ.ಎ. ಓದುತ್ತಿದ್ದೇನೆ. ಕಮ್ಯುನಿಸ್ಟ್ ಆಡಳಿತ ಬಿದ್ದ ಮೇಲೆ ಪೋಲೆಂಡ್ ಮತ್ತು ರಷ್ಯಾ ಎರಡೂ 'ಶಾಕ್ ಥೆರಪಿ' (ಸರ್ಕಾರಿ ಹಿಡಿತದ ಅರ್ಥವ್ಯವಸ್ಥೆಯನ್ನು ಒಂದೇ ಏಟಿಗೆ ಮಾರುಕಟ್ಟೆಗೆ ಬಿಡುವುದು) ಮಾಡಿದವು, ಒಂದು ಗೆದ್ದಿತು, ಇನ್ನೊಂದು ಮುಗ್ಗರಿಸಿತು ಎಂದು ನಮ್ಮ ನೋಟ್ಸ್‌ನಲ್ಲಿದೆ. ಮದ್ದು ಒಂದೇ ಆದರೆ ಫಲ ಬೇರೆ ಯಾಕೆ? 'ಸಂಸ್ಥೆಗಳನ್ನು ಕಟ್ಟಬೇಕಿತ್ತು' ಎಂದು ಎಲ್ಲರೂ ಬರೆಯುತ್ತಾರೆ. ಹಾಗೆಂದರೆ ನಿಜವಾಗಿ ಏನನ್ನು ಕಟ್ಟುವುದು? ಒಮ್ಮೆ ಕಟ್ಟಿದ ಮೇಲೆ ಅವು ಉಳಿಯುತ್ತವೆಯೇ?

ಉತ್ತರ: ಎರಡೂ ಕಡೆ ಕೊಟ್ಟ ಮದ್ದು ಒಂದೇ ಆಗಿರಲಿಲ್ಲ. ನಿಮ್ಮ ನೋಟ್ಸ್‌ನ ತಪ್ಪು ಅಲ್ಲಿಂದಲೇ ಶುರುವಾಗುತ್ತದೆ.

ಬೆಲೆಗಳ ಮೇಲಿನ ಸರ್ಕಾರಿ ಹಿಡಿತವನ್ನು ಇಬ್ಬರೂ ಒಂದೇ ಏಟಿಗೆ ಬಿಟ್ಟರು, ಅದು ನಿಜ. ಆದರೆ ಸರ್ಕಾರದ ದುಡ್ಡನ್ನು ಬಿಗಿ ಹಿಡಿಯುವುದರಲ್ಲಿ ಪೋಲೆಂಡ್ ಗಟ್ಟಿಯಾಗಿ ನಿಂತಿತು, ರಷ್ಯಾ ಕೆಲವೇ ತಿಂಗಳಲ್ಲಿ ಸಡಿಲ ಬಿಟ್ಟಿತು. ದೊಡ್ಡ ಕಾರ್ಖಾನೆಗಳನ್ನು ಮಾರುವುದರಲ್ಲಿ ಪೋಲೆಂಡ್ ತುಂಬಾ ನಿಧಾನ, ರಷ್ಯಾಕ್ಕೆ ವಿಪರೀತ ಅವಸರ. 'ವೇಗವಾಗಿ ಮಾಡಬೇಕಾ, ನಿಧಾನವಾಗಿ ಮಾಡಬೇಕಾ' ಎಂಬ ಜಗಳ 30 ವರ್ಷದಿಂದ ನಡೆದಿದೆ. ಅದರಿಂದ ಹೆಚ್ಚೇನೂ ತಿಳಿಯುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ನಾನು ಕೇಳುವ ಪ್ರಶ್ನೆ ಬೇರೆ. ಬಲ ಇದ್ದವನು ಬಂದು ಸಾಲ ಕೇಳಿದಾಗ, ಕಾರ್ಖಾನೆ ಕೇಳಿದಾಗ, ಲೈಸೆನ್ಸ್ ಕೇಳಿದಾಗ 'ಆಗಲ್ಲ' ಎಂದು ಹೇಳುವವರು ಯಾರಾದರೂ ಇದ್ದರಾ? ಹೇಳಿದ ಮೇಲೆ ಆ ಮಾತು ನಿಂತಿತಾ? ಈ ದೇಶಗಳ ಕಥೆಯನ್ನು ಹೀಗೆ ಓದಿ ನೋಡಿ. ಎಷ್ಟೋ ಗೊಂದಲ ತಾನಾಗಿ ಬಗೆಹರಿಯುತ್ತದೆ.

ಮೊದಲು ಪೋಲೆಂಡ್. 1989ರ ಜೂನ್ 4ರ ಚುನಾವಣೆಯಲ್ಲಿ ಸಾಲಿಡಾರಿಟಿ ಎಂಬ ಕಾರ್ಮಿಕ ಚಳವಳಿ ಗೆದ್ದಿತು. ಅದೇ ವರ್ಷ ತದೇವುಷ್ ಮಜೋವ್ಯೆತ್ಸ್ಕಿ ಪ್ರಧಾನಿಯಾದರು. ಅವರಿಗೆ ಸಿಕ್ಕ ದೇಶ ಹೇಗಿತ್ತು ಗೊತ್ತೇ? ಅಂಗಡಿಗಳು ಖಾಲಿ. ವಿದೇಶಿ ಸಾಲ ತೀರಿಸಲು ದುಡ್ಡಿಲ್ಲ. ಅಕ್ಟೋಬರ್ ಒಂದೇ ತಿಂಗಳಲ್ಲಿ ಬೆಲೆಗಳು ಸುಮಾರು ಶೇ. 55 ಏರಿದ್ದವು. ಹಣಕಾಸು ಮಂತ್ರಿಯಾಗಿ ಬಂದವರು ರಾಜಧಾನಿ ವಾರ್ಸಾದ ಪ್ರಾಧ್ಯಾಪಕ ಲೆಷೆಕ್ ಬಾಲ್ಸೆರೋವಿಚ್. 1970ರ ದಶಕದ ಕೊನೆಯಿಂದಲೇ ಅವರು ಮತ್ತು ಗೆಳೆಯರು ಕೂತು ಸುಧಾರಣೆಯ ನಕ್ಷೆ ಬರೆಯುತ್ತಿದ್ದರು. ಅದು ಜಾರಿಗೆ ಬರುವ ದಿನ ನೋಡುತ್ತೇವೆ ಎಂದು ಆಗ ಯಾರೂ ನಂಬಿರಲಿಲ್ಲ.

1989ರ ಡಿಸೆಂಬರ್ ಕೊನೆಯಲ್ಲಿ ಸಂಸತ್ತು ಹತ್ತು ಕಾನೂನುಗಳನ್ನು ಒಟ್ಟಿಗೆ ಪಾಸು ಮಾಡಿತು. 1990ರ ಜನವರಿ 1ರಂದು ಬಹುಪಾಲು ಬೆಲೆಗಳು ಮುಕ್ತವಾದವು. ಒಂದು ಡಾಲರ್‌ಗೆ 9,500 ಝ್ಲೋಟಿ ಎಂದು ದರ ಗೊತ್ತು ಮಾಡಿದರು. ಅದನ್ನು ಕಾಯಲು ಪಶ್ಚಿಮದ ದೇಶಗಳು 100 ಕೋಟಿ ಡಾಲರ್‌ಗಳ ನಿಧಿ ಇಟ್ಟವು. ಜನವರಿಯಲ್ಲಿ ಬೆಲೆ ಸುಮಾರು ಶೇ. 80 ಹಾರಿತು. ಮಾರ್ಚ್‌ಗೆ ತಿಂಗಳ ಏರಿಕೆ ಶೇ. 5ಕ್ಕೂ ಕೆಳಗೆ ಬಂತು.

ಇದು ಹೇಗಾಯಿತು? ಕಾರ್ಖಾನೆಗಳಿಗೆ ಸುಲಭದ ದುಡ್ಡು ನಿಂತಿತು, ಅದಕ್ಕೆ. ಹಂಗೇರಿಯ ಅರ್ಥಶಾಸ್ತ್ರಜ್ಞ ಯಾನೋಷ್ ಕೊರ್ನೈ ಈ ರೋಗವನ್ನು ಮೊದಲೇ ಗುರುತಿಸಿದ್ದರು. ಸರ್ಕಾರಿ ಕಾರ್ಖಾನೆ ಎಷ್ಟೇ ನಷ್ಟ ಮಾಡಲಿ, ಕೊನೆಗೆ ಯಾರೋ ಬಂದು ತುಂಬಿಕೊಡುತ್ತಾರೆ ಎಂಬ ಭರವಸೆ ಅದರ ಮ್ಯಾನೇಜರ್‌ಗೆ ಇರುತ್ತದೆ. ಆ ಭರವಸೆ ಇರುವ ತನಕ ಅವನು ಬೆಲೆಯನ್ನೂ ನೋಡುವುದಿಲ್ಲ, ಗಿರಾಕಿಯನ್ನೂ ನೋಡುವುದಿಲ್ಲ. ಮಂತ್ರಿಯ ಕಚೇರಿಯ ಬಾಗಿಲನ್ನು ಮಾತ್ರ ನೋಡುತ್ತಾನೆ. ಪೋಲೆಂಡ್ ಆ ಬಾಗಿಲನ್ನು ಮುಚ್ಚಿತು. ಸಬ್ಸಿಡಿ ಕಡಿಯಿತು. ಬಡ್ಡಿ ಏರಿತು. ಸರ್ಕಾರಿ ಕಾರ್ಖಾನೆ ಗೊತ್ತುಮಾಡಿದ ಮಿತಿ ಮೀರಿ ಸಂಬಳ ಏರಿಸಿದರೆ, ಏರಿಸಿದ್ದಕ್ಕಿಂತ ಹಲವು ಪಟ್ಟು ದಂಡದ ತೆರಿಗೆ ಕಟ್ಟಬೇಕಿತ್ತು. ಕಾರ್ಮಿಕ ಚಳವಳಿಯಿಂದಲೇ ಹುಟ್ಟಿದ ಸರ್ಕಾರ ಕಾರ್ಮಿಕರ ಸಂಬಳಕ್ಕೆ ಇಂಥ ಕಡಿವಾಣ ಹಾಕಿತು ಎಂದರೆ ಆ ಸಂಕಟ ಎಷ್ಟಿರಬೇಕು, ಯೋಚಿಸಿ.

ಇನ್ನೊಂದು ಕಡೆ ಪೋಲೆಂಡ್ ಚಿಕ್ಕ ವ್ಯಾಪಾರಕ್ಕೆ ದಾರಿ ಪೂರ್ತಿ ಬಿಟ್ಟುಕೊಟ್ಟಿತು. ಯಾರು ಬೇಕಾದರೂ ಉದ್ಯಮ ಶುರು ಮಾಡಬಹುದು ಎಂಬ ಕಾನೂನನ್ನು ಕೊನೆಯ ಕಮ್ಯುನಿಸ್ಟ್ ಸರ್ಕಾರವೇ 1988ರ ಡಿಸೆಂಬರ್‌ನಲ್ಲಿ ತಂದಿತ್ತು. ಉದ್ಯಮಿಯೂ ಆಗಿದ್ದ ಕೈಗಾರಿಕಾ ಮಂತ್ರಿ ಮ್ಯೆಚಿಸ್ವಾವ್ ವಿಲ್ಚೆಕ್ ಅದರ ಹಿಂದಿದ್ದರು. ಬೆಲೆ ಮುಕ್ತವಾದ ಮೇಲೆ ಆ ಕಾನೂನಿಗೆ ಜೀವ ಬಂತು. ವಾರ್ಸಾದ ನಡುವೆ ಸ್ಟಾಲಿನ್ ಕಾಲದ ಸಂಸ್ಕೃತಿ ಭವನ ಇದೆ. ಅದರ ಸುತ್ತಲಿನ ಮೈದಾನದಲ್ಲಿ ಜನ ಮಡಚುವ ಮಂಚ ಹಾಕಿಕೊಂಡು ಮಾರಾಟಕ್ಕೆ ಕೂತರು. ಕಾರಿನ ಡಿಕ್ಕಿ ತೆರೆದಿಟ್ಟು ಮಾಂಸ, ಬೆಣ್ಣೆ ಮಾರಿದರು. ಬರ್ಲಿನ್‌ನಿಂದ ಹೊತ್ತು ತಂದ ಟೇಪ್‌ರೆಕಾರ್ಡರ್, ಚಾಕೊಲೇಟ್ ಹರಡಿಕೊಂಡರು. ಆಮೇಲೆ ಮಂಚಗಳ ಜಾಗಕ್ಕೆ ತಗಡಿನ ಗೂಡಂಗಡಿ ಬಂತು, ಗೂಡಂಗಡಿಯಿಂದ ಅಂಗಡಿ. 1990ರ ದಶಕದ ಮಧ್ಯಕ್ಕೆ ದೇಶದ ಉತ್ಪಾದನೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಖಾಸಗಿಯವರದೇ ಆಗಿತ್ತು. ಅಷ್ಟು ಹೊತ್ತಿಗೂ ಎಷ್ಟೋ ದೊಡ್ಡ ಕಾರ್ಖಾನೆಗಳು ಸರ್ಕಾರದ ಕೈಯಲ್ಲೇ ಇದ್ದವು. ಪೋಲೆಂಡ್‌ನ ಖಾಸಗಿ ವಲಯ ಹೊಸದಾಗಿ ನೆಲದಿಂದ ಎದ್ದು ಬಂದದ್ದು, ಹಳೆಯದನ್ನು ಹಂಚಿ ಮಾಡಿದ್ದಲ್ಲ. ವಿದ್ಯಾರ್ಥಿಯಾಗಿ ನೀವು ಒಂದೇ ಒಂದು ಸಂಗತಿ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಹಾಗಾದರೆ ದೊಡ್ಡ ಕಾರ್ಖಾನೆಗಳು ಯಾಕೆ ತಡವಾದವು? ಅದಕ್ಕೂ ಒಂದು ಕಾರಣ ಇದೆ. 1981ರ ಕಾನೂನಿನಿಂದ ಅಲ್ಲಿನ ಕಾರ್ಖಾನೆಗಳಲ್ಲಿ ಕಾರ್ಮಿಕರ ಮಂಡಳಿಗಳು ಇದ್ದವು. ಮ್ಯಾನೇಜರ್‌ನನ್ನು ತೆಗೆಯುವ ಬಲವೂ ಅವಕ್ಕಿತ್ತು. ಖಾಸಗೀಕರಣ ಆಗಬೇಕಾದರೆ ಅವರ ಒಪ್ಪಿಗೆ ಬೇಕು. ಆ ಕಾಲದ ಪಶ್ಚಿಮದ ಸಲಹೆಗಾರರಿಗೆ ಇದು ದೊಡ್ಡ ಅಡ್ಡಿಯಾಗಿ ಕಂಡಿತ್ತು. ಆದರೆ ಅದೇ ಮಂಡಳಿಗಳು ಮ್ಯಾನೇಜರ್ ಯಂತ್ರ ಮಾರಿಕೊಳ್ಳದಂತೆ, ತನ್ನದೇ ಬೇನಾಮಿ ಕಂಪನಿಗೆ ಕಡಿಮೆ ಬೆಲೆಗೆ ಮಾಲು ಸಾಗಿಸದಂತೆ ಕಣ್ಣಿಟ್ಟು ಕಾದವು. ಒಡೆಯ ಯಾರು ಎಂದು ತೀರ್ಮಾನ ಆಗುವ ಮೊದಲೇ ಕಾವಲುಗಾರರು ಅಲ್ಲಿದ್ದರು. ಎಲ್ಲ ಕಡೆ ಹೀಗಾಯಿತು ಎಂದಲ್ಲ. ಕಳ್ಳತನ ಅಲ್ಲೂ ಆಯಿತು. ಆದರೆ ದೊಡ್ಡ ಪ್ರಮಾಣದಲ್ಲಿ ನುಂಗುವುದು ಕಷ್ಟವಾಯಿತು.

ಈಗ ನಿಮ್ಮ ಎರಡನೇ ಪ್ರಶ್ನೆಗೆ ಬರುತ್ತೇನೆ. ಏನನ್ನು ಕಟ್ಟುವುದು? ಸುಮ್ನೆ ಕಟ್ಟಡ, ಬೋರ್ಡು, ಅಧ್ಯಕ್ಷರ ಕುರ್ಚಿ ಮಾಡಿಟ್ಟರೆ ಸಾಲದು. ವಾರ್ಸಾದ ಷೇರುಪೇಟೆಯ ಉದಾಹರಣೆ ಕೊಡುತ್ತೇನೆ. ನನಗೆ ಅದು ತುಂಬಾ ಇಷ್ಟದ ಪ್ರಸಂಗ. 1991ರ ಏಪ್ರಿಲ್ 16ರಂದು ಅಲ್ಲಿ ಮೊದಲ ವಹಿವಾಟು ನಡೆಯಿತು. ಜಾಗ ಯಾವುದು ಗೊತ್ತೇ? ಕಮ್ಯುನಿಸ್ಟ್ ಪಕ್ಷದ ಹಳೆಯ ಕೇಂದ್ರ ಕಚೇರಿ. ಪಟ್ಟಿಯಲ್ಲಿ ಇದ್ದದ್ದು 5 ಕಂಪನಿ ಮಾತ್ರ. ವಹಿವಾಟು ಶುರುವಿನಲ್ಲಿ ವಾರಕ್ಕೊಮ್ಮೆ. ನೋಡಿದವರಿಗೆ ಮಕ್ಕಳಾಟ ಅನ್ನಿಸಿರಬಹುದು. ಆದರೆ ಬಾಗಿಲು ತೆರೆಯುವ ಮೊದಲೇ, ಮಾರ್ಚ್‌ನಲ್ಲಿ, ಷೇರು ವಹಿವಾಟಿನ ಕಾನೂನು ಬಂದಿತ್ತು. ಲೆಸ್ವಾವ್ ಪಾಗ ಎಂಬವರ ಅಧ್ಯಕ್ಷತೆಯಲ್ಲಿ ನಿಗಾ ಆಯೋಗ ಇತ್ತು. ಅವರು ಕಟ್ಟುನಿಟ್ಟಿನವರು. ಕಂಪನಿ ಲೆಕ್ಕ ಬಿಚ್ಚಿ ತೋರಿಸದೆ ಷೇರು ಮಾರುವಂತಿಲ್ಲ. ಬ್ರೋಕರ್ ತಪ್ಪು ಮಾಡಿದರೆ ಲೈಸೆನ್ಸ್‌ಗೇ ಕುತ್ತು.

ಪಕ್ಕದ ಚೆಕ್ ದೇಶ ಇದಕ್ಕೆ ಪೂರ್ತಿ ವಿರುದ್ಧದ ದಾರಿ ಹಿಡಿಯಿತು. ಅಲ್ಲಿ ಹಣಕಾಸು ಮಂತ್ರಿಯಾಗಿದ್ದು ಆಮೇಲೆ ಪ್ರಧಾನಿಯಾದ ವಾಕ್ಲಾವ್ ಕ್ಲೌಸ್ ಅವರ ನಂಬಿಕೆ ಬೇರೆ. ಆಸ್ತಿಯನ್ನು ಬೇಗ ಜನರ ಕೈಗೆ ಹಂಚಿಬಿಡೋಣ, ಒಡೆಯರು ಬಂದ ಮೇಲೆ ನಿಯಮಗಳನ್ನು ಅವರೇ ಕೇಳಿ ಪಡೆಯುತ್ತಾರೆ ಎಂಬುದು. ಕಾರ್ಖಾನೆಗಳ ಷೇರಿಗೆ ಬದಲಿಸಿಕೊಳ್ಳುವ ಕೂಪನ್ ಪುಸ್ತಕಕ್ಕೆ ಸಾವಿರ ಕ್ರೌನ್‌ಗಿಂತ ಸ್ವಲ್ಪ ಜಾಸ್ತಿ ಕಟ್ಟಿ ಲಕ್ಷಾಂತರ ಜನ ಸೇರಿದರು. 'ಹಾರ್ವರ್ಡ್' ಎಂಬ ಹೆಸರಿಟ್ಟುಕೊಂಡ ಹೂಡಿಕೆ ನಿಧಿಯೊಂದು ಹಾಕಿದ್ದಕ್ಕೆ ಹತ್ತು ಪಟ್ಟು ಕೊಡುತ್ತೇವೆ ಎಂದು ಜಾಹೀರಾತು ಹೊಡೆಯಿತು. ಆ ಹೆಸರಿನ ವಿಶ್ವವಿದ್ಯಾಲಯಕ್ಕೂ ಅದಕ್ಕೂ ಸಂಬಂಧ ಇರಲಿಲ್ಲ. ಬಹುಪಾಲು ಜನ ಕೂಪನ್‌ಗಳನ್ನು ಇಂಥ ನಿಧಿಗಳಿಗೆ ಒಪ್ಪಿಸಿದರು. ದೊಡ್ಡ ನಿಧಿಗಳಲ್ಲಿ ಹಲವು ಬ್ಯಾಂಕುಗಳವು. ಆ ಬ್ಯಾಂಕುಗಳಲ್ಲಿ ಸರ್ಕಾರದ ದೊಡ್ಡ ಪಾಲು ಇತ್ತು. ಅಂದರೆ ಕಾರ್ಖಾನೆಯ ಒಡೆಯನೂ ಅವನೇ, ಸಾಲ ಕೊಡುವವನೂ ಅವನೇ. ನಷ್ಟದ ಕಾರ್ಖಾನೆಗೆ 'ಆಗಲ್ಲ' ಎನ್ನುವವರು ಯಾರು?

ಪ್ರಾಗ್ ಷೇರುಪೇಟೆಯಲ್ಲಿ ಕಂಪನಿಗಳು ಸಾವಿರದ ಲೆಕ್ಕದಲ್ಲಿ ಬಂದು ಕೂತವು. ಸ್ವತಂತ್ರವಾದ ನಿಗಾ ಆಯೋಗ ಬಂದದ್ದು 1998ರಲ್ಲಿ. ಅಷ್ಟರಲ್ಲಿ ಒಳಗಿನವರು ಕಂಪನಿಯ ಆಸ್ತಿಯನ್ನು ಸದ್ದಿಲ್ಲದೆ ತಮ್ಮ ಇನ್ನೊಂದು ಕಂಪನಿಗೆ ಸಾಗಿಸಿ, ಹೊರಗಿನ ಷೇರುದಾರನಿಗೆ ಖಾಲಿ ಕಾರ್ಖಾನೆ ಉಳಿಸಿದ್ದರು. ಚೆಕ್ಕರು ಇದಕ್ಕೆ 'ಸುರಂಗ ಕೊರೆಯುವುದು' ಎಂದೇ ಹೆಸರಿಟ್ಟರು. 1997ರಲ್ಲಿ ಕರೆನ್ಸಿ ಕುಸಿಯಿತು. ಆ ವರ್ಷವೇ ಸರ್ಕಾರವೂ ಬಿತ್ತು. ಸಾವಿರ ಕ್ರೌನ್ ಕಟ್ಟಿದ ಮೇಷ್ಟ್ರು, ನರ್ಸು, ಟ್ರಾಮ್ ಡ್ರೈವರ್ ಕೈಗೆ ಅಷ್ಟರಲ್ಲಿ ಹೆಚ್ಚೇನೂ ಉಳಿದಿರಲಿಲ್ಲ. ಆಸ್ತಿ ಮೊದಲು, ನಿಯಮ ಆಮೇಲೆ ಎಂಬ ವಾದದಲ್ಲಿ ದೊಡ್ಡ ತೂತಿದೆ. ನಿಯಮ ಇಲ್ಲದ ಹೊತ್ತಿನಲ್ಲಿ ಆಸ್ತಿ ಮಾಡಿಕೊಂಡವನಿಗೆ ಆಮೇಲೆ ನಿಯಮ ಯಾಕೆ ಬೇಕು, ಅಲ್ವಾ?

ಪೋಲೆಂಡ್‌ನಲ್ಲಿ ಎಲ್ಲವೂ ಚೆನ್ನಾಗಿತ್ತು ಎಂದು ನಾನು ಹೇಳುತ್ತಿಲ್ಲ. 1991ರಲ್ಲಿ ಆರ್ಟ್-ಬಿ ಎಂಬ ಕಂಪನಿಯ ಹಗರಣ ಹೊರಬಂತು. ಬ್ಯಾಂಕುಗಳ ನಡುವೆ ಚೆಕ್ ದಾಟಲು ದಿನಗಟ್ಟಲೆ ಹಿಡಿಯುತ್ತಿತ್ತು. ಆ ಸಂದಿನಲ್ಲಿ ಒಂದೇ ದುಡ್ಡಿಗೆ ಹಲವು ಬ್ಯಾಂಕುಗಳಲ್ಲಿ ಒಟ್ಟಿಗೆ ಬಡ್ಡಿ ಗಳಿಸುವ ದಾರಿಯನ್ನು ಅದರ ಮಾಲೀಕರು ಕಂಡುಕೊಂಡಿದ್ದರು. ಕೊನೆಗೆ ದೇಶ ಬಿಟ್ಟು ಹೋದರು. ಹೊಸ ಬ್ಯಾಂಕುಗಳ ಮೇಲೆ ಕಣ್ಣಿಡುವ ವ್ಯವಸ್ಥೆ ಎಷ್ಟು ಹಸಿಯಾಗಿತ್ತು ಎಂದು ಆಗ ಎಲ್ಲರಿಗೂ ತಿಳಿಯಿತು. 1993ರಲ್ಲಿ ಬಂದ ಕಾನೂನು ಸರ್ಕಾರಿ ಬ್ಯಾಂಕುಗಳಿಗೆ ಬಂಡವಾಳ ಕೊಟ್ಟಿತು. ಆದರೆ ಸುಮ್ಮನೆ ಕೊಡಲಿಲ್ಲ. ಸಾಲ ಕಟ್ಟದ ಕಾರ್ಖಾನೆಗಳ ಜೊತೆ ಕೂತು ಲೆಕ್ಕ ತೀರಿಸಿಕೊಳ್ಳಬೇಕು, ಇಲ್ಲವೇ ದಿವಾಳಿ ಕೋರ್ಟಿಗೆ ಒಯ್ಯಬೇಕು ಎಂದು ಗಡುವು ಹಾಕಿತು. ಇಂಥ ಕೆಲಸ ಪತ್ರಿಕೆಯ ಮುಖಪುಟಕ್ಕೆ ಬರುವುದಿಲ್ಲ. ಸಂಸ್ಥೆ ಕಟ್ಟುವುದು ಎಂದರೆ ಬಹುಪಾಲು ಇಂಥದ್ದೇ ಕೆಲಸ.

ಇನ್ನೊಂದನ್ನು ಹೇಳದೆ ಮುಂದೆ ಹೋಗಲಾರೆ. 1990ರ ಮೇ 27ರಂದು ಪೋಲೆಂಡ್‌ನಲ್ಲಿ ಸ್ಥಳೀಯ ಚುನಾವಣೆ ನಡೆಯಿತು. ಅಲ್ಲಿನ ಸುಮಾರು 2,400 'ಗ್ಮಿನಾ'ಗಳು ನಮ್ಮ ಪಂಚಾಯಿತಿ, ಪುರಸಭೆಗಳ ಸ್ಥಾನದಲ್ಲಿರುವಂಥವು. ಯೆಝಿ ರೆಗುಲ್ಸ್ಕಿ ಎಂಬ ಪ್ರಾಧ್ಯಾಪಕರು ವರ್ಷಗಟ್ಟಲೆ ಇದಕ್ಕಾಗಿ ಸಿದ್ಧತೆ ಮಾಡಿಕೊಂಡಿದ್ದರು. ಚುನಾವಣೆ ಜೊತೆಗೆ ಗ್ಮಿನಾಗಳಿಗೆ ಸ್ವಂತ ಆಸ್ತಿ ಬಂತು, ಸ್ವಂತ ಬಜೆಟ್ ಬಂತು. ಊರಿನ ಅಂಗಡಿ ಮಳಿಗೆ ಯಾರಿಗೆ ಬಾಡಿಗೆ ಕೊಡಬೇಕು, ನೀರಿನ ಪೈಪು ಎಲ್ಲಿ ಹಾಕಬೇಕು ಎಂದು ವಾರ್ಸಾ ಕೇಳುವ ಅಗತ್ಯ ಇಲ್ಲವಾಯಿತು. ಬಾಲ್ಸೆರೋವಿಚ್ ಹೆಸರು ಜಗತ್ತಿಗೆಲ್ಲ ಗೊತ್ತು. ರೆಗುಲ್ಸ್ಕಿ ಹೆಸರು ಹೊರಗೆ ಯಾರಿಗೂ ಗೊತ್ತಿಲ್ಲ. ನನ್ನ ಮಟ್ಟಿಗೆ ಇಬ್ಬರ ಕೆಲಸದ ತೂಕವೂ ಒಂದೇ.

ಈಗ ರಷ್ಯಾ. ಸುಧಾರಣೆಯ ಹೊಣೆ ಹೊತ್ತಿದ್ದ ಮಂತ್ರಿ ಯೆಗೋರ್ ಗೈದಾರ್ 1992ರ ಜನವರಿ 2ರಂದು ಬೆಲೆಗಳನ್ನು ಬಿಟ್ಟರು. ಅವರಿಗೆ ಬೇರೆ ದಾರಿಯೂ ಇರಲಿಲ್ಲ. ನಗರಗಳಲ್ಲಿ ಆಹಾರ ಮುಗಿಯುತ್ತಾ ಬಂದಿತ್ತು. ಆದರೆ ಪೋಲೆಂಡ್‌ನಲ್ಲಿ ಇದ್ದ ಬಿಗಿ ಇಲ್ಲಿ ನಿಲ್ಲಲಿಲ್ಲ. ಸೋವಿಯತ್ ಒಕ್ಕೂಟ ಒಡೆದಿತ್ತು, ರೂಬಲ್ ಮಾತ್ರ ಒಂದೇ ಉಳಿದಿತ್ತು. ಬೇರೆ ಬೇರೆ ಗಣರಾಜ್ಯಗಳ ಕೇಂದ್ರ ಬ್ಯಾಂಕುಗಳು ಅದೇ ರೂಬಲ್‌ನಲ್ಲಿ ಸಾಲ ಸೃಷ್ಟಿಸುತ್ತಿದ್ದವು. ಬೇಸಿಗೆ ಹೊತ್ತಿಗೆ ಕಾರ್ಖಾನೆಗಳು ಒಂದಕ್ಕೊಂದು ಕೊಡಬೇಕಾದ ಬಾಕಿ ಬೆಟ್ಟದಷ್ಟಾಯಿತು. ಜುಲೈನಲ್ಲಿ ರಷ್ಯಾದ ಕೇಂದ್ರ ಬ್ಯಾಂಕಿಗೆ ವಿಕ್ತೋರ್ ಗೆರಾಶ್ಚೆಂಕೊ ಬಂದರು. ಹೊಸ ಸಾಲ ಕೊಟ್ಟು ಆ ಬಾಕಿಯನ್ನು ತೀರಿಸಲು ಹೊರಟರು. ಮ್ಯಾನೇಜರ್‌ಗಳಿಗೆ ಇದರಿಂದ ಏನು ತಿಳಿಯಿತು? ಬಾಗಿಲು ಮುಚ್ಚಿಲ್ಲ, ತಟ್ಟಿದರೆ ತೆರೆಯುತ್ತದೆ ಎಂದು. ಆ ವರ್ಷ ಬೆಲೆಗಳು ಸುಮಾರು ಶೇ. 2,500 ಏರಿದವು. ಜೀವಮಾನವಿಡೀ ಉಳಿತಾಯ ಖಾತೆಯಲ್ಲಿ ಕೂಡಿಟ್ಟ ದುಡ್ಡು ಮಣ್ಣಾಯಿತು.

ಎಣ್ಣೆಯ ಕಥೆ ಇನ್ನೂ ಕೆಟ್ಟದ್ದು. ಬ್ರೆಡ್ಡಿನ ಬೆಲೆ ಏರಿತು, ಆದರೆ ದೇಶದೊಳಗೆ ಕಚ್ಚಾ ಎಣ್ಣೆಯ ಬೆಲೆಯನ್ನು ಹಿಡಿದಿಟ್ಟರು. ಅದು ಹೊರಗಿನ ಬೆಲೆಯ ಒಂದು ಸಣ್ಣ ಪಾಲು ಮಾತ್ರ. ರಫ್ತಿನ ಲೈಸೆನ್ಸ್ ಯಾರ ಕೈಯಲ್ಲಿದೆಯೋ ಅವರು ಒಳಗೆ ಕೊಂಡು ಹೊರಗೆ ಮಾರಿದರೆ ಸಾಕು. ಕಾರ್ಖಾನೆ ಬೇಡ, ಕಾರ್ಮಿಕರು ಬೇಡ. ರಷ್ಯಾದ ಮೊದಲ ಸುತ್ತಿನ ಶ್ರೀಮಂತಿಕೆಯಲ್ಲಿ ಒಳ್ಳೆಯ ಪಾಲು ಹೀಗೆ ಬಂತು. ಮುಕ್ತ ಮಾರುಕಟ್ಟೆ ರಷ್ಯಾವನ್ನು ಹಾಳು ಮಾಡಿತು ಎನ್ನುವವರು ಇದನ್ನು ಗಮನಿಸಬೇಕು. ಅರ್ಧ ಮುಕ್ತ, ಅರ್ಧ ಬಂದ್ ಎಂಬ ಸ್ಥಿತಿಯಲ್ಲೇ ಅತಿ ಹೆಚ್ಚು ಲೂಟಿ ನಡೆಯಿತು. ಅದನ್ನು ಹಾಗೇ ಉಳಿಸಿಕೊಳ್ಳಲು ದೊಡ್ಡವರು ಹೋರಾಡಿದರು.

1992ರ ಅಕ್ಟೋಬರ್‌ನಿಂದ ಪ್ರತಿಯೊಬ್ಬ ಪ್ರಜೆಗೂ 10,000 ರೂಬಲ್ ಮುಖಬೆಲೆಯ ವೌಚರ್ ಹಂಚಿದರು, ಅದನ್ನು ಕೊಟ್ಟು ಕಾರ್ಖಾನೆಗಳ ಷೇರು ಪಡೆಯಬಹುದಿತ್ತು. ಖಾಸಗೀಕರಣದ ಹೊಣೆ ಹೊತ್ತಿದ್ದ ಅನತೋಲಿ ಚುಬೈಸ್, ಒಂದು ವೌಚರ್ ಮುಂದೆ ಎರಡು ವೋಲ್ಗಾ ಕಾರಿನ ಬೆಲೆ ಬಾಳುತ್ತದೆ ಎಂದಿದ್ದರು. ಎಷ್ಟೋ ಜನ ಅದನ್ನು ಬೀದಿಯಲ್ಲಿ ಬಂದ ಬೆಲೆಗೆ ಮಾರಿಬಿಟ್ಟರು. ಬಹಳ ಕಾರ್ಖಾನೆಗಳಲ್ಲಿ ಕಾರ್ಮಿಕರು ಮತ್ತು ಮ್ಯಾನೇಜರ್‌ಗಳು ಸೇರಿ ಶೇ. 51 ಪಾಲು ಪಡೆಯುವ ಆಯ್ಕೆಯನ್ನು ಹಿಡಿದರು. ಕಾರ್ಮಿಕರ ಹೆಸರಲ್ಲಿ ಷೇರು, ಹಿಡಿತ ಹಳೆಯ ಮ್ಯಾನೇಜರ್‌ನದು. ಷೇರುದಾರರ ಪಟ್ಟಿಯ ಪುಸ್ತಕವೂ ಎಷ್ಟೋ ಕಡೆ ಅವನ ಬೀರುವಿನಲ್ಲೇ ಇರುತ್ತಿತ್ತು.

ಆದರೂ ವೌಚರ್ ಸುತ್ತಿನಲ್ಲಿ ಎಲ್ಲರಿಗೂ ಸಮನಾಗಿ ಕೊಡುವ ಉದ್ದೇಶವಾದರೂ ಇತ್ತು. 1995ರಲ್ಲಿ ನಡೆದದ್ದನ್ನು ಸಮರ್ಥಿಸಲು ನನಗೆ ಯಾವ ಮಾತೂ ಸಿಗುವುದಿಲ್ಲ. ಸರ್ಕಾರದ ಕೈಯಲ್ಲಿ ದುಡ್ಡಿರಲಿಲ್ಲ. ಮುಂದಿನ ವರ್ಷ ಅಧ್ಯಕ್ಷ ಬೋರಿಸ್ ಯೆಲ್ಟ್ಸಿನ್ ಚುನಾವಣೆ ಎದುರಿಸಬೇಕಿತ್ತು. ಬ್ಯಾಂಕರ್ ವ್ಲಾದಿಮಿರ್ ಪೊತಾನಿನ್ ಒಂದು ಯೋಜನೆ ಮುಂದಿಟ್ಟರು. ಬ್ಯಾಂಕುಗಳು ಸರ್ಕಾರಕ್ಕೆ ಸಾಲ ಕೊಡುತ್ತವೆ, ಅಡವಾಗಿ ದೊಡ್ಡ ಕಂಪನಿಗಳ ಷೇರು ಇಟ್ಟುಕೊಳ್ಳುತ್ತವೆ. ಸಾಲ ತೀರಿಸದಿದ್ದರೆ ಷೇರನ್ನು ಮಾರಬಹುದು. ಸಾಲ ತೀರುವುದಿಲ್ಲ ಎಂದು ಎಲ್ಲರಿಗೂ ಮೊದಲೇ ಗೊತ್ತಿತ್ತು. ಹರಾಜು ನಡೆಸಿದ್ದು ಯಾರು? ಆ ಹರಾಜಿನಲ್ಲಿ ಗೆಲ್ಲುವ ಬ್ಯಾಂಕುಗಳೇ. ನೊರಿಲ್ಸ್ಕ್ ನಿಕಲ್ ಎಂದರೆ ಜಗತ್ತಿನ ಅತಿ ದೊಡ್ಡ ನಿಕಲ್ ಉತ್ಪಾದಕ ಕಂಪನಿಗಳಲ್ಲಿ ಒಂದು. ಅದರ ಶೇ. 38 ಷೇರಿಗೆ ಆರಂಭದ ಬೆಲೆ 17 ಕೋಟಿ ಡಾಲರ್. ಪೊತಾನಿನ್ ಅವರ ಒನೆಕ್ಸಿಂಬ್ಯಾಂಕ್ 17 ಕೋಟಿ 1 ಲಕ್ಷ ಡಾಲರ್ ಕೂಗಿ ಗೆದ್ದಿತು. ಅದಕ್ಕಿಂತ ದುಪ್ಪಟ್ಟು ಕೊಡಲು ಬಂದ ಇನ್ನೊಂದು ಬ್ಯಾಂಕನ್ನು ನಿಯಮದ ನೆಪ ಹೇಳಿ ಹೊರಗಿಟ್ಟರು. ಯೂಕೋಸ್ ಎಣ್ಣೆ ಕಂಪನಿ ಹೀಗೇ ಮೆನಾತೆಪ್ ಬ್ಯಾಂಕಿನ ಪಾಲಾಯಿತು.

ಇದರಿಂದ ಆದ ಅತಿ ದೊಡ್ಡ ನಷ್ಟ ದುಡ್ಡಿನದಲ್ಲ. ಖಾಸಗಿ ಆಸ್ತಿ ಎಂದರೆ ಕದ್ದ ಆಸ್ತಿ ಎಂಬ ಭಾವನೆ ರಷ್ಯಾದ ಜನರ ಮನಸ್ಸಿನಲ್ಲಿ ಕೂತುಬಿಟ್ಟಿತು. ಅದು ಇನ್ನೂ ಹೋಗಿಲ್ಲ. ಮುಂದೆ ಕ್ರೆಮ್ಲಿನ್ ಅದೇ ಯೂಕೋಸನ್ನು ಕಿತ್ತುಕೊಂಡಾಗ ಹೆಚ್ಚಿನ ಜನ ಕಣ್ಣೀರು ಹಾಕಲಿಲ್ಲ. ಕೊಟ್ಟವನು ಕಿತ್ತುಕೊಳ್ಳಬಹುದು ಎಂದಾದ ಮೇಲೆ ಆಸ್ತಿಯ ಹಕ್ಕು ಹಕ್ಕಾಗಿ ಉಳಿಯುವುದಿಲ್ಲ, ದೊರೆಯ ಕೃಪೆ ಆಗುತ್ತದೆ.

ಬರೆದಿಟ್ಟ ಕಾನೂನು ಒಳ್ಳೆಯದಾದರೆ ಸಾಕು ಎಂದು ಕೆಲವರು ವಾದಿಸುತ್ತಾರೆ. ರಷ್ಯಾದ 1998ರ ದಿವಾಳಿ ಕಾನೂನನ್ನು ನೋಡಿ. ಸಣ್ಣ ಬಾಕಿ ಇದ್ದರೂ ಸಾಲಗಾರ ಕಂಪನಿಯನ್ನು ಕೋರ್ಟಿಗೆ ಎಳೆಯಬಹುದು ಎಂಬ ಕಟ್ಟುನಿಟ್ಟಾದ ಕಾನೂನು ಅದು. ನಡೆದದ್ದೇ ಬೇರೆ. ಎದುರಾಳಿಯ ಕಾರ್ಖಾನೆ ಬೇಕೆನಿಸಿದರೆ ಅದರ ಚಿಕ್ಕ ಬಾಕಿಯೊಂದನ್ನು ಕೊಂಡುಕೊಳ್ಳುವುದು. ಪರಿಚಯದ ಊರಿನ ಕೋರ್ಟಿನಲ್ಲಿ ಕೇಸು ಹಾಕುವುದು. ತಮ್ಮವನನ್ನೇ ಆಡಳಿತಾಧಿಕಾರಿಯಾಗಿ ನೇಮಿಸಿಕೊಳ್ಳುವುದು. ಚೆನ್ನಾಗಿ ನಡೆಯುತ್ತಿದ್ದ ಕಾರ್ಖಾನೆಗಳೂ ಹೀಗೆ ಕೈ ಬದಲಾದವು. ಕೊನೆಗೆ 2002ರಲ್ಲಿ ಆ ಕಾನೂನನ್ನೇ ಬದಲಿಸಬೇಕಾಯಿತು. ಕಾನೂನಿನ ಸಾಲುಗಳನ್ನು ಬೇರೆ ದೇಶದಿಂದ ತರಬಹುದು. ಮಾರಿಕೊಳ್ಳದ ನ್ಯಾಯಾಧೀಶರನ್ನು, ಲೆಕ್ಕ ನೋಡಬಲ್ಲ ಗುಮಾಸ್ತರನ್ನು, ತೀರ್ಪನ್ನು ಜಾರಿ ಮಾಡುವ ಅಮೀನರನ್ನು ತರಲಾಗುವುದಿಲ್ಲ. ಅವರನ್ನು ಅಲ್ಲೇ ಬೆಳೆಸಬೇಕು. ಸಂಸ್ಥೆಗಳ ಬಗ್ಗೆ ಕೆಲಸ ಮಾಡಿ 1993ರಲ್ಲಿ ನೊಬೆಲ್ ಪಡೆದ ಡಗ್ಲಸ್ ನಾರ್ತ್ ಒತ್ತಿ ಹೇಳುತ್ತಿದ್ದದ್ದೂ ಇದನ್ನೇ. ಲಿಖಿತ ನಿಯಮ ರಾತ್ರೋರಾತ್ರಿ ಬದಲಾಗಬಹುದು, ಜನ ನಡೆದುಕೊಳ್ಳುವ ರೀತಿ ಹಾಗೆ ಬದಲಾಗುವುದಿಲ್ಲ.

ಪೋಲೆಂಡ್‌ಗೆ ಇಲ್ಲಿ ಒಂದು ಅನುಕೂಲ ಇತ್ತು. ಅದರ 1934ರ ವಾಣಿಜ್ಯ ಸಂಹಿತೆ ಕಮ್ಯುನಿಸ್ಟ್ ಕಾಲದಲ್ಲೂ ಪೂರ್ತಿ ರದ್ದಾಗಿರಲಿಲ್ಲ. 1989ರ ನಂತರ ಧೂಳು ಕೊಡವಿ ಅದನ್ನೇ ಬಳಸಿದರು. ಹೊಲಗಳಲ್ಲಿ ಬಹುಪಾಲು ಕಮ್ಯುನಿಸ್ಟ್ ಕಾಲದಲ್ಲೂ ರೈತರ ಕೈಯಲ್ಲೇ ಇತ್ತು. ಕಮ್ಯುನಿಸ್ಟ್ ಆಡಳಿತ ಅಲ್ಲಿ ನಡೆದದ್ದು ಸುಮಾರು 45 ವರ್ಷ, ರಷ್ಯಾದಲ್ಲಿ 70ಕ್ಕೂ ಜಾಸ್ತಿ. ರಷ್ಯಾದಲ್ಲಿ ಅಂಗಡಿ ನಡೆಸಿದ ಅಜ್ಜನ ನೆನಪೂ ಯಾರಿಗೂ ಇರಲಿಲ್ಲ. ಹೊರಗಿನವರೂ ಇಬ್ಬರನ್ನೂ ಒಂದೇ ರೀತಿ ನೋಡಲಿಲ್ಲ. 1991ರಲ್ಲಿ ಸಾಲ ಕೊಟ್ಟ ದೇಶಗಳು ಪೋಲೆಂಡ್‌ನ ಸಾಲದ ಅರ್ಧದಷ್ಟನ್ನು ಬಿಟ್ಟುಕೊಟ್ಟವು. ರಷ್ಯಾ ಇಡೀ ಸೋವಿಯತ್ ಒಕ್ಕೂಟದ ಸಾಲವನ್ನು ಹೊತ್ತುಕೊಂಡಿತು. ಪೋಲೆಂಡ್‌ಗೆ ಮುಂದೆ ಯುರೋಪಿಯನ್ ಒಕ್ಕೂಟದ ಬಾಗಿಲು ಕಾಣುತ್ತಿತ್ತು. 1993ರಲ್ಲಿ ಕೋಪನ್‌ಹೇಗನ್‌ನಲ್ಲಿ ಸದಸ್ಯತ್ವದ ಷರತ್ತು ಬರೆದಿಟ್ಟರು. ಅದೇ ವರ್ಷ ಪೋಲೆಂಡ್‌ನಲ್ಲಿ ಮಾಜಿ ಕಮ್ಯುನಿಸ್ಟರು ಚುನಾವಣೆ ಗೆದ್ದರು. ಆದರೂ ದಾರಿ ಬದಲಾಗಲಿಲ್ಲ. 2004ರ ಮೇ 1ರಂದು ಸೇರುವ ತನಕ ಯಾವ ಪಕ್ಷ ಬಂದರೂ ಆ ಗುರಿ ಬಿಡಲಿಲ್ಲ. ಪೋಲಿಷರು ಜಾಣರು, ರಷ್ಯನ್ನರು ದಡ್ಡರು ಎಂಬ ಕಥೆಯನ್ನು ದಯವಿಟ್ಟು ಯಾರಿಂದಲೂ ಒಪ್ಪಿಕೊಳ್ಳಬೇಡಿ.

ಸೋವಿಯತ್ ಒಕ್ಕೂಟದಿಂದ ಬಿಡಿಸಿಕೊಂಡ ಪುಟ್ಟ ದೇಶ ಎಸ್ಟೋನಿಯಾದ ಬಗ್ಗೆ ಎರಡೇ ಮಾತು. 1992ರ ಜೂನ್ 20ರಂದು ಅದು ರೂಬಲ್ ಬಿಟ್ಟು ತನ್ನದೇ ಕ್ರೂನ್ ತಂದಿತು. 8 ಕ್ರೂನ್‌ಗೆ ಒಂದು ಜರ್ಮನ್ ಮಾರ್ಕ್. ಖಜಾನೆಯಲ್ಲಿ ಮೀಸಲು ಇಲ್ಲದೆ ಒಂದು ನೋಟೂ ಅಚ್ಚು ಹಾಕುವಂತಿಲ್ಲ ಎಂಬ ನಿಯಮ. ಆ ವರ್ಷದ ಕೊನೆಯಲ್ಲಿ ಬ್ಯಾಂಕುಗಳು ಕುಸಿದವು. ತಾರ್ತು ನಗರದ ವಾಣಿಜ್ಯ ಬ್ಯಾಂಕನ್ನು ಸರ್ಕಾರ ಉಳಿಸಲಿಲ್ಲ, ಮುಚ್ಚಲು ಬಿಟ್ಟಿತು. ಆಗ ಪ್ರಧಾನಿ ಮಾರ್ತ್ ಲಾರ್ ಅವರ ವಯಸ್ಸು 32. ಉಳಿದ ಬ್ಯಾಂಕುಗಳಿಗೆ ಸಂದೇಶ ಮುಟ್ಟಿತು.

ನಮ್ಮ ಕಡೆಗೂ ಇದರ ಅಲೆ ತಟ್ಟಿತ್ತು. ಸೋವಿಯತ್ ಒಕ್ಕೂಟ ರೂಪಾಯಿ ಲೆಕ್ಕದಲ್ಲಿ ನಮ್ಮ ಕಾಫಿ ಕೊಳ್ಳುತ್ತಿತ್ತು. ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರು ಬೆಳೆಯನ್ನೆಲ್ಲ ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಎಲ್ಲರ ಕಾಫಿಯನ್ನೂ ಒಟ್ಟು ಸೇರಿಸಿ ಮಂಡಳಿಯೇ ಮಾರುವ ವ್ಯವಸ್ಥೆಗೆ, ಹಾಕಬೇಕಿತ್ತು. 1991ರಲ್ಲಿ ಆ ದೊಡ್ಡ ಗಿರಾಕಿಯೇ ಇಲ್ಲವಾಯಿತು. ಮರುವರ್ಷದಿಂದ ಪೂಲ್ ಹಂತಹಂತವಾಗಿ ಸಡಿಲವಾಯಿತು, 1996ಕ್ಕೆ ಬೆಳೆಗಾರರು ಪೂರ್ತಿ ಸ್ವತಂತ್ರರಾದರು. ಮಂಡಳಿ ಕೊಳ್ಳುವ ಕೆಲಸ ಬಿಟ್ಟಿತು, ಆದರೆ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಹಾಗೇ ಉಳಿಯಿತು. ಸರ್ಕಾರ ಯಾವುದನ್ನು ಬಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು ಎಂಬ ಪ್ರಶ್ನೆಗೆ ನಮ್ಮ ಮಲೆನಾಡಿನಲ್ಲೇ ಸಿಗುವ ಒಳ್ಳೆಯ ಉದಾಹರಣೆ ಇದು. ನಿಮ್ಮ ಪ್ರಬಂಧಕ್ಕೂ ಆದೀತು.

ಬೆಲೆ ತೆತ್ತವರ ಬಗ್ಗೆ ಬರೆಯದೆ ಇದ್ದರೆ ಈ ಉತ್ತರ ಅಪ್ರಾಮಾಣಿಕ ಆಗುತ್ತದೆ. ರಷ್ಯಾದಲ್ಲಿ ಗಂಡಸರ ಸರಾಸರಿ ಆಯಸ್ಸು 1990ರಲ್ಲಿ 64ರ ಹತ್ತಿರ ಇತ್ತು. 1994ಕ್ಕೆ 58ಕ್ಕಿಂತ ಕೆಳಗಿಳಿಯಿತು. ಯುದ್ಧ ಇಲ್ಲದ ಕಾಲದಲ್ಲಿ ಇಷ್ಟು ಕುಸಿತ! ಗೂಸ್-ಖ್ರುಸ್ತಾಲ್ನಿ ಎಂಬ ಊರಿನ ಗಾಜಿನ ಕಾರ್ಖಾನೆಯ ಕಾರ್ಮಿಕರಿಗೆ ಸಂಬಳದ ಬದಲು ಗಾಜಿನ ಲೋಟ, ಹೂದಾನಿ ಕೊಟ್ಟರು. ಅವರು ಅದನ್ನು ಹೊತ್ತು ರೈಲು ನಿಲ್ದಾಣದಲ್ಲಿ, ರಸ್ತೆ ಬದಿಯಲ್ಲಿ ಮಾರಿ ಊಟ ಮಾಡಿದರು. 1998ರ ಆಗಸ್ಟ್ 17ರಂದು ಸರ್ಕಾರ ಸಾಲ ಕಟ್ಟುವುದನ್ನು ನಿಲ್ಲಿಸಿದಾಗ ರೂಬಲ್ ಮತ್ತೆ ಮಣ್ಣಾಯಿತು. ಗೆದ್ದ ಪೋಲೆಂಡ್‌ನಲ್ಲೂ 1993ರ ಹೊತ್ತಿಗೆ ನಿರುದ್ಯೋಗ ಶೇ. 16 ಮುಟ್ಟಿತ್ತು. ಸರ್ಕಾರಿ ಬೇಸಾಯ ಕ್ಷೇತ್ರಗಳನ್ನು ಮುಚ್ಚಿದ ಉತ್ತರದ ಹಳ್ಳಿಗಳಲ್ಲಿ ಮನೆ, ಶಾಲೆ, ಬಸ್ಸು, ಕೂಲಿ ಎಲ್ಲವೂ ಆ ಕ್ಷೇತ್ರದ್ದೇ ಆಗಿತ್ತು. ಒಂದೇ ಸಲ ಎಲ್ಲ ಹೋಯಿತು. ಆ ಜನರನ್ನು ಬಾಲ್ಸೆರೋವಿಚ್ ತಂಡ ಮರೆತಿತು ಎಂದೇ ನಾನು ಹೇಳುತ್ತೇನೆ. ಸುಧಾರಣೆ ಸರಿಯಿತ್ತು ಎನ್ನುವುದಕ್ಕೂ, ಅದರ ಭಾರವನ್ನು ಸರಿಯಾಗಿ ಹಂಚಲಿಲ್ಲ ಎನ್ನುವುದಕ್ಕೂ ವಿರೋಧ ಏನೂ ಇಲ್ಲ.

ಕೊನೆಗೆ, ಕಟ್ಟಿದ್ದು ಉಳಿಯುತ್ತದೆಯೇ? ತಾನಾಗಿ ಉಳಿಯುವುದಿಲ್ಲ. ಇದೇ ಪೋಲೆಂಡ್‌ನಲ್ಲಿ 2015ರ ನಂತರ ಆಳುವ ಪಕ್ಷ ಸಾಂವಿಧಾನಿಕ ನ್ಯಾಯಮಂಡಳಿಯಲ್ಲಿ, ಆಮೇಲೆ ಉಳಿದ ಕೋರ್ಟುಗಳಲ್ಲಿ ತನ್ನವರನ್ನು ಕೂರಿಸಲು ಹೊರಟಿತು. 2017ರ ಡಿಸೆಂಬರ್‌ನಲ್ಲಿ ಯುರೋಪಿಯನ್ ಒಕ್ಕೂಟದ ಆಡಳಿತ ನಡೆಸುವ ಯುರೋಪಿಯನ್ ಕಮಿಷನ್ ಪೋಲೆಂಡ್ ವಿರುದ್ಧ ಶಿಸ್ತು ಕ್ರಮ ಶುರು ಮಾಡಿತು. ಅದು ಮುಗಿದದ್ದು 2024ರಲ್ಲಿ, ಸರ್ಕಾರ ಬದಲಾದ ಮೇಲೆ. ಕೋರ್ಟುಗಳ ಗಾಯ ಪೂರ್ತಿ ಮಾಯುವ ಮೊದಲು ಇನ್ನೂ ಬಹಳ ಕೆಲಸ ಇದೆ.

ಉಕ್ರೇನ್‌ನ ಇತ್ತೀಚಿನ ಪ್ರಸಂಗವನ್ನೂ ಓದಿಕೊಳ್ಳಿ. 2015ರಲ್ಲಿ ಅಲ್ಲಿ ನಾಬು ಎಂಬ ಸ್ವತಂತ್ರ ಭ್ರಷ್ಟಾಚಾರ ತನಿಖಾ ಸಂಸ್ಥೆ ಹುಟ್ಟಿತು. ದೊಡ್ಡವರ ಮೇಲೆ ಕೇಸು ಹಾಕುವುದೇ ಅದರ ಕೆಲಸ. 2025ರ ಜುಲೈ 22ರಂದು ಸಂಸತ್ತು ಅದರ ಸ್ವಾತಂತ್ರ್ಯ ಕಿತ್ತು, ಅಧ್ಯಕ್ಷರು ನೇಮಿಸುವ ಪ್ರಾಸಿಕ್ಯೂಟರ್ ಜನರಲ್ ಕೆಳಗೆ ತರುವ ಕಾನೂನು ಪಾಸು ಮಾಡಿತು. ಅಂದೇ ಅಧ್ಯಕ್ಷರು ಸಹಿಯನ್ನೂ ಹಾಕಿದರು. ಅಂದು ಸಂಜೆಯೇ ಕೀವ್‌ನಲ್ಲಿ ಜನ ಬೀದಿಗಿಳಿದರು. ಡ್ರೋನ್ ದಾಳಿ ನಡೆಯುತ್ತಿರುವ ಊರು ಅದು. ಬಂದವರಲ್ಲಿ ಹೆಚ್ಚಿನವರು ನಿಮ್ಮ ವಯಸ್ಸಿನ ಹುಡುಗ ಹುಡುಗಿಯರು, ಕೈಯಲ್ಲಿ ರಟ್ಟಿನ ಮೇಲೆ ಬರೆದ ಫಲಕ. ಲ್ವಿವ್, ಒಡೆಸಾದಲ್ಲೂ ಹೀಗೇ ಆಯಿತು. ಯುರೋಪಿಯನ್ ಒಕ್ಕೂಟವೂ ಒತ್ತಡ ಹಾಕಿತು. ಜುಲೈ 31ರಂದು ಅದೇ ಸಂಸತ್ತು 331 ಮತಗಳಿಂದ ನಾಬುವಿನ ಸ್ವಾತಂತ್ರ್ಯವನ್ನು ವಾಪಸು ಕೊಟ್ಟಿತು.